ದಬ್ಬಣ ಇಳಿಯದ ಕೈ: ಗಂಡು ಹಾರ್ಮೋನು ಇಳಿದಾಗ ಸ್ನಾಯುವಿಗೆ ಏನಾಗುತ್ತದೆ, ಕಲಬುರಗಿಯ ಒಂದು ಪ್ರಕರಣ

ನಾನು ಕಲಬುರಗಿಯಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಈ ಪ್ರಕರಣ ಬರೆಯಲು ರೋಗಿಯ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಓಣಿ, ಚಿಕಿತ್ಸೆ ಪಡೆದ ಊರು ಯಾವುದನ್ನೂ ಹೇಳುವುದಿಲ್ಲ. ಗುರುತು ಹತ್ತುವಂಥ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಅಳತೆಗಳು, ನಿರ್ಧಾರಗಳು, ನನ್ನ ತಪ್ಪು ಇವು ಇದ್ದ ಹಾಗೇ ಇವೆ. ಅವರನ್ನು ಇಲ್ಲಿಯೂ ಕಾಕಾ ಅಂತಲೇ ಕರೆಯುತ್ತೇನೆ, ಕ್ಲಿನಿಕ್ಕಿನಲ್ಲಿ ಎಲ್ಲರೂ ಹಾಗೇ ಕರೆಯುವುದು.

ಹಿನ್ನೆಲೆ

ಕಾಕಾಗೆ 66 ವರ್ಷ. ಗಂಜ್‌ನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, 38 ವರ್ಷ ಹಮಾಲಿ ಮಾಡಿದವರು. ಕಲಬುರಗಿಯನ್ನು ತೊಗರಿ ಕಣಜ ಅನ್ನುತ್ತೇವೆ, 2019ರಲ್ಲಿ ಇಲ್ಲಿಯ ತೊಗರಿ ಬೇಳೆಗೆ ಜಿಐ ಟ್ಯಾಗ್ ಕೂಡ ಸಿಕ್ಕಿತು. ಆ ತೊಗರಿ ಲಾರಿಯಿಂದ ಗೋದಾಮಿಗೆ ಹೋಗುವುದು ಇಂಥವರ ಹೆಗಲ ಮೇಲೆ. ಈಗ 50 ಕೆಜಿ ಚೀಲ. ಕಾಕಾ ಕೆಲಸಕ್ಕೆ ಸೇರಿದಾಗ ಕ್ವಿಂಟಲ್ ಚೀಲ. ಹರೆಯದಲ್ಲಿ ಊರ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತಿದವರು. 60 ದಾಟಿದ ಮೇಲೆ ಹೊರುವುದು ಕಡಿಮೆ ಮಾಡಿ, ಚೀಲದ ಬಾಯಿ ಹೊಲಿಯುವ ಕೆಲಸಕ್ಕೆ ಕೂತರು. ಆದರೂ ಹುಡುಗರು ಸಾಕಾಗದ ದಿನ ತಾವೇ ಎದ್ದು ಚೀಲ ಎತ್ತುತ್ತಿದ್ದರಂತೆ.

ಆಮೇಲೆ ಮೂತ್ರದ ತೊಂದರೆ ಶುರುವಾಯಿತು. ಪರೀಕ್ಷೆ ಮಾಡಿದಾಗ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್. ಎಲುಬಿಗೆ ಹಬ್ಬಿರಲಿಲ್ಲ, ಆದರೆ ಹಬ್ಬುವ ಅಪಾಯ ಜಾಸ್ತಿ ಇದ್ದ ಬಗೆ. ರೇಡಿಯೇಷನ್ ಕೊಟ್ಟರು. ಜೊತೆಗೆ ಮೂರು ತಿಂಗಳಿಗೊಮ್ಮೆ ಒಂದು ಹಾರ್ಮೋನು ಸೂಜಿ, ಎರಡು ವರ್ಷ, ಒಟ್ಟು 8 ಸೂಜಿ. ಚಿಕಿತ್ಸೆ ಸರಿಯಾಗೇ ಇತ್ತು. ರಕ್ತದಲ್ಲಿ ಪಿಎಸ್‌ಎ ಅಂಶ, ಅಂದರೆ ಈ ಕ್ಯಾನ್ಸರಿನ ಏರಿಳಿತ ತೋರಿಸುವ ಪ್ರಾಸ್ಟೇಟ್ ಪ್ರೋಟೀನ್, ಹೆಚ್ಚುಕಮ್ಮಿ ಇಲ್ಲವೆನ್ನುವಷ್ಟು ಇಳಿದಿತ್ತು. ಇದನ್ನು ಮೊದಲೇ ಹೇಳುತ್ತಿದ್ದೇನೆ. ಮುಂದಿನ ಕಥೆ ಓದಿ ಯಾರೂ ಆ ಸೂಜಿಯ ಮೇಲೆ ಸಿಟ್ಟಾಗಬಾರದು.

ಮೊಣಕಾಲು ನೋವು ಅಂತ ಬಂದವರು

ಅವರು ನನ್ನ ಹತ್ತಿರ ಬಂದದ್ದು ಮೇ ತಿಂಗಳಲ್ಲಿ, ಐದನೇ ಸೂಜಿ ಆದ ಮೇಲೆ. ಮಗ ಕರೆದುಕೊಂಡು ಬಂದಿದ್ದ. ಚೀಟಿಯಲ್ಲಿ ಬರೆದದ್ದು ಮೊಣಕಾಲು ನೋವು. ಪಾಯಖಾನೆಯಲ್ಲಿ ಕುಕ್ಕರಗಾಲಲ್ಲಿ ಕೂತವರು ಏಳಲಾರದೆ ಬಿದ್ದಿದ್ದರು.

ಮೊಣಕಾಲು ನೋಡಿದೆ. ಆ ವಯಸ್ಸಿಗೆ, ಆ ಕೆಲಸಕ್ಕೆ, ಕೀಲು ಚೆನ್ನಾಗೇ ಇತ್ತು. ಊತ ಇಲ್ಲ, ಬಾಗಿಸಿದರೆ ನೋವೂ ಅಷ್ಟಿಲ್ಲ. ‘ಕಾಕಾ, ನೋವು ಜಾಸ್ತಿಯೋ, ಕಾಲಾಗ ದಮ್ಮಿಲ್ಲ ಅನ್ನೋದು ಜಾಸ್ತಿಯೋ?’ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬಲಗೈ ಮುಂದೆ ಚಾಚಿದರು.

‘ದಬ್ಬಣ ಇಳೀವಲ್ದು ತಮ್ಮಾ.’

ದಬ್ಬಣ ಅಂದರೆ ಗೋಣಿಚೀಲ ಹೊಲಿಯುವ ದಪ್ಪ ಸೂಜಿ. ಗೋಣಿಯ ಎರಡು ಪದರ ಸೇರಿಸಿ ಹಿಡಿದು, ಅಂಗೈಯಿಂದ ಒತ್ತಿ ತೂರಿಸಬೇಕು. ದಿನಕ್ಕೆ ನೂರಾರು ಚೀಲ ಹೊಲಿದ ಕೈಗೆ ಅದೇ ಆಗುತ್ತಿರಲಿಲ್ಲ. ಮೊಣಕಾಲು ಮಾತ್ರ ಕೆಟ್ಟಿದ್ದರೆ ಕೈ ಯಾಕೆ ಸೋಲಬೇಕು? ಈ ಪ್ರಕರಣ ಮೊದಲು ತಿರುಗಿದ್ದು ಅಲ್ಲಿ.

ಅಂಗಿ ತೆಗೆಯಲು ಹೇಳಿದೆ. ಕುತ್ತಿಗೆಯ ಬುಡದಲ್ಲಿ, ಬಲ ಹೆಗಲಿನ ಮೇಲೆ, ಚೀಲ ಕೂತು ಕೂತು ಗಟ್ಟಿಯಾದ ಚರ್ಮದ ಗಂಟು ಇತ್ತು. ಹಮಾಲರಲ್ಲಿ ಇದನ್ನು ಸುಮಾರು ಸಲ ನೋಡಿದ್ದೇನೆ. ಸಾಮಾನ್ಯವಾಗಿ ಅದರ ಅಡಿಯಲ್ಲಿ ಹಗ್ಗದಂಥ ಸ್ನಾಯು ಕೈಗೆ ಸಿಗುತ್ತದೆ. ಕಾಕಾರಲ್ಲಿ ಗಂಟೇನೋ ಇತ್ತು, ಆದರೆ ಒತ್ತಿದರೆ ಅಡಿಯಲ್ಲಿ ಮೆತ್ತಗೆ.

ಅವರ ಹೆಂಡತಿ ಬಾಗಿಲ ಹತ್ತಿರ ನಿಂತಿದ್ದರು. ‘ಮೈ ಛಲೋ ಬಂದಾದ್ರಿ, ಆದ್ರ ಕಸುವಿಲ್ಲ ಅಂತಾರ,’ ಅಂದರು. ತೂಕ ನಿಜವಾಗಿಯೂ ಏರಿತ್ತು, 61ರಿಂದ 63.5 ಕೆಜಿಗೆ. ಸೊಂಟದ ಸುತ್ತಳತೆ 98 ಸೆಂಟಿಮೀಟರ್. ಮನೆಯವರಿಗೆ ಇದು ಸಮಾಧಾನ ತಂದಿತ್ತು, ಕ್ಯಾನ್ಸರ್ ಇದ್ದವರು ಸೊರಗುತ್ತಾರೆ ಅಂತ ಅವರು ಹೆದರಿದ್ದರು. ತಕ್ಕಡಿ ಎಲ್ಲರನ್ನೂ ದಾರಿ ತಪ್ಪಿಸಿತ್ತು. ಸ್ನಾಯು ಕರಗಿದ ಜಾಗದಲ್ಲಿ ಕೊಬ್ಬು ಕೂತಿತ್ತು. ಇಂಥದ್ದೇ ಸೂಜಿ ಪಡೆದ ಗಂಡಸರನ್ನು 48 ವಾರ ಗಮನಿಸಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಗಿದೆ. ಅದರಲ್ಲಿ ಕೊಬ್ಬಿಲ್ಲದ ದೇಹತೂಕ ಸರಾಸರಿ 2.7 ಪರ್ಸೆಂಟ್ ಇಳಿದು, ಕೊಬ್ಬು 9.4 ಪರ್ಸೆಂಟ್ ಏರಿತ್ತು. ಕಾಕಾರ ಮೈಯಲ್ಲಿ ಕಂಡದ್ದೂ ಇದೇ.

ಅಳತೆ ತೆಗೆದೆ. ಮುಷ್ಟಿ ಬಲ ಬಲಗೈಯಲ್ಲಿ 23 ಕೆಜಿ. ಕುರ್ಚಿಯಿಂದ ಕೈ ಊರದೆ 5 ಸಲ ಎದ್ದು ಕೂರಲು 19.4 ಸೆಕೆಂಡ್. ಏಷ್ಯಾದವರಿಗೆ ಅಂತ ತಜ್ಞರು 2019ರಲ್ಲಿ ಹಾಕಿದ ಗೆರೆ ಹೀಗಿದೆ: ಗಂಡಸರ ಮುಷ್ಟಿ ಬಲ 28 ಕೆಜಿಗಿಂತ ಕಡಿಮೆ ಇರಬಾರದು, ಐದು ಸಲ ಏಳಲು 12 ಸೆಕೆಂಡ್ ಮುಟ್ಟಬಾರದು. ಕಾಕಾ ಎರಡರಲ್ಲೂ ಗೆರೆಯ ಆಚೆ ಇದ್ದರು.

ಮಗ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳನ್ನು ತಂದಿದ್ದ. ಬಿಲ್ಲುಗಳ ನಡುವೆ ಸೂಜಿಯ ಡಬ್ಬಿಗಳಿಂದ ಕಿತ್ತು ಅಂಟಿಸಿದ ಐದು ಚೀಟಿ. ಪ್ರತಿಯೊಂದರ ಮೇಲೂ ಲ್ಯೂಪ್ರೊಲೈಡ್, 22.5 ಮಿಲಿಗ್ರಾಂ. ಗಂಡು ಹಾರ್ಮೋನು ಇಳಿಸುವ ಮದ್ದು. ‘ಈ ಸೂಜಿ ಯಾಕಂತ ಹೇಳಿದ್ರು?’ ಅಂತ ಕೇಳಿದೆ. ‘ಕ್ಯಾನ್ಸರಿಗೆ ಅಂದಾರ್ರಿ,’ ಅಂದ ಮಗ. ಅದು ಸ್ನಾಯುವಿಗೆ ಏನು ಮಾಡುತ್ತದೆ ಅಂತ ಮನೆಯವರಿಗೆ ಯಾರೂ ಹೇಳಿರಲಿಲ್ಲ. ಹಗಲಲ್ಲಿ ನಾಲ್ಕೈದು ಸಲ ಮೈಯೆಲ್ಲ ಧಗ್ಗೆಂದು ಉರಿದು ಬೆವರುವುದನ್ನೂ ಅವರು ಬಿಸಿಲಿನ ಲೆಕ್ಕಕ್ಕೆ ಬರೆದಿದ್ದರು. ಕಲಬುರಗಿಯ ಮೇ ತಿಂಗಳು, 42 ಡಿಗ್ರಿ ದಾಟಿದ ಬಿಸಿಲು, ಬೇರೆ ಹೇಗೆ ಅನ್ನಿಸೀತು?

ಸೂಜಿ ಮಾಡುವುದು ಏನು

ಪ್ರಾಸ್ಟೇಟ್ ಕ್ಯಾನ್ಸರ್ ಬೆಳೆಯಲು ಟೆಸ್ಟೋಸ್ಟೆರಾನ್ ಅನ್ನುವ ಗಂಡು ಹಾರ್ಮೋನು ಬೇಕು. 1941ರಲ್ಲಿ ಚಾರ್ಲ್ಸ್ ಹಗಿನ್ಸ್ ಇದನ್ನು ತೋರಿಸಿದರು, 1966ರಲ್ಲಿ ಅವರಿಗೆ ನೊಬೆಲ್ ಬಂತು. ಇಂದಿನ ಸೂಜಿ ನಿಂತಿರುವುದು ಆ ಅಡಿಪಾಯದ ಮೇಲೆಯೇ. ಮಿದುಳು ಬಿಟ್ಟು ಬಿಟ್ಟು ಒಂದು ಸಂದೇಶ ಕಳಿಸುತ್ತದೆ. ಅದನ್ನು ಕೇಳಿ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಅನ್ನುವ ಹಾರ್ಮೋನನ್ನು ಬಿಡುತ್ತದೆ. ಎಲ್‌ಎಚ್ ಹೋಗಿ ವೃಷಣಗಳಿಂದ ಟೆಸ್ಟೋಸ್ಟೆರಾನ್ ಮಾಡಿಸುತ್ತದೆ. ಸೂಜಿಯ ಮದ್ದು ಆ ಸಂದೇಶದ ನಕಲು, ಆದರೆ ಬಿಡುವೇ ಇಲ್ಲದ ನಕಲು. ಮೊದಲ ಒಂದೆರಡು ವಾರ ಹಾರ್ಮೋನು ಏರುತ್ತದೆ. ಆಮೇಲೆ ಪಿಟ್ಯುಟರಿ ಕಿವಿ ಮುಚ್ಚಿಕೊಳ್ಳುತ್ತದೆ, ಮೂರು ನಾಲ್ಕು ವಾರದೊಳಗೆ ಟೆಸ್ಟೋಸ್ಟೆರಾನ್ ನೆಲ ಕಚ್ಚುತ್ತದೆ. ವಯಸ್ಕ ಗಂಡಸರಲ್ಲಿ ಅದು ಸುಮಾರು 300ರಿಂದ 1000 ನ್ಯಾನೋಗ್ರಾಂ ಇರುತ್ತದೆ, ಒಂದು ಡೆಸಿಲೀಟರ್ ರಕ್ತಕ್ಕೆ. ಚಿಕಿತ್ಸೆಯ ಗುರಿ 50ಕ್ಕಿಂತ ಕೆಳಗೆ. ಕಾಕಾರದು 14.

ಕ್ಯಾನ್ಸರಿಗೆ ಇದು ಒಳ್ಳೆಯದು. ಸ್ನಾಯುವಿಗೆ ಅಲ್ಲ. ಟೆಸ್ಟೋಸ್ಟೆರಾನ್ ಸ್ನಾಯುವಿನ ಎಳೆಯೊಳಗೆ ಹೋಗಿ ಅಲ್ಲಿ ತನ್ನನ್ನು ಹಿಡಿಯುವ ಗ್ರಾಹಕಕ್ಕೆ (ರಿಸೆಪ್ಟರ್) ಅಂಟುತ್ತದೆ. ಆ ಜೋಡಿ ಕೋಶಕೇಂದ್ರಕ್ಕೆ ಹೋಗಿ ಪ್ರೋಟೀನ್ ಕಟ್ಟುವ ಜೀನ್‌ಗಳನ್ನು ಎಬ್ಬಿಸುತ್ತದೆ. ಎಳೆಯ ಪಕ್ಕದಲ್ಲಿ ಸುಮ್ನೆ ಮಲಗಿರುವ ಸ್ಯಾಟಲೈಟ್ ಕೋಶಗಳಿಗೂ ಅದು ಕೆಲಸ ಹಚ್ಚುತ್ತದೆ. ಅವು ಎಳೆಗೆ ಸೇರಿಕೊಂಡು ಹೊಸ ಕೋಶಕೇಂದ್ರ ಕೊಡುತ್ತವೆ, ಎಳೆ ದಪ್ಪವಾಗುತ್ತದೆ. ಇನ್ನೂ ಏನಾಗಬೇಕೆಂದು ತೀರ್ಮಾನವಾಗದ ಕೋಶಗಳನ್ನು ಕೊಬ್ಬಿನ ಕಡೆ ಬಿಡದೆ ಸ್ನಾಯುವಿನ ಕಡೆ ತಿರುಗಿಸುವುದೂ ಅದರ ಕೆಲಸ. ಕುತ್ತಿಗೆ ಮತ್ತು ಭುಜದ ಸ್ನಾಯುವಿನಲ್ಲಿ ಈ ಗ್ರಾಹಕಗಳು ತೊಡೆಗಿಂತ ಜಾಸ್ತಿ ಇರುವುದು ಕಂಡುಬಂದಿದೆ. ಹೆಗಲ ಗಂಟಿನ ಅಡಿಯ ಮೆತ್ತನೆಯ ಜಾಗ ನೆನಪಿಸಿಕೊಳ್ಳಿ. ರಕ್ತದ ಕೆಂಪು ಕಣ ಹೆಚ್ಚಿಸುವುದರಲ್ಲೂ ಈ ಹಾರ್ಮೋನಿನ ಪಾಲಿದೆ. ಹೀಗಾಗಿ ಹಿಮೋಗ್ಲೋಬಿನ್ ಕೂಡ 11.4ಕ್ಕೆ ಇಳಿದಿತ್ತು.

ಇದನ್ನೆಲ್ಲ ಕಾಕಾಗೆ ಹೇಗೆ ಹೇಳುವುದು? ನಾನು ಹೇಳಿದ್ದು ಹೀಗೆ. ‘ಕಾಕಾ, ನಿಮ್ಮ ಸ್ನಾಯು ಒಂದು ಗೋದಾಮು. ದಿನಾ ಚೀಲ ಒಳಗ ಬರ್ತಾವ, ದಿನಾ ಹೊರಗ ಹೋಗ್ತಾವ. ಹೋಗೋದಕ್ಕಿಂತ ಬರೋದು ಕಮ್ಮಿ ಆಗಬಾರದು ಅಂತ ನಿಂತು ನೋಡೋ ಮುಕಾದಮ ಆ ಹಾರ್ಮೋನು. ಕ್ಯಾನ್ಸರಿಗೂ ಅವನೇ ಊಟ ಹಾಕ್ತಿದ್ದ ಅಂತ ಅವನ್ನ ರಜಾದ ಮ್ಯಾಲ ಕಳಿಸ್ಯಾರ.’ ಅವರಿಗೆ ತಕ್ಷಣ ಹೊಳೆಯಿತು. ‘ಹಂಗಂದ್ರ ಗೋದಾಮು ಖಾಲಿ ಆಗ್ಲಾಕತ್ತಾದ,’ ಅಂದರು. ಅವರ ಮುಖದಲ್ಲಿ ಹೆದರಿಕೆ ಕಡಿಮೆಯಾದದ್ದನ್ನು ನಾನು ಕಂಡೆ. ಅಷ್ಟು ದಿನ ಅವರು ಕ್ಯಾನ್ಸರ್ ಮತ್ತೆ ಬಂದಿದೆ ಅಂತಲೇ ತಿಳಿದಿದ್ದರು. ಯಾರ ಮುಂದೆಯೂ ಹೇಳಿರಲಿಲ್ಲ.

ಮೊದಲು ತಡೆದ ಕೈ

ಕಾರಣ ಗೊತ್ತಾಯಿತು ಅಂತ ನಾನು ಅವತ್ತೇ ವ್ಯಾಯಾಮ ಶುರು ಮಾಡಲಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಇರುವ ಗಂಡಸಿಗೆ ಕಾಲು ಸೋತರೆ ಮೊದಲು ನೋಡಬೇಕಾದದ್ದು ಬೆನ್ನುಹುರಿ. ಕ್ಯಾನ್ಸರ್ ಬೆನ್ನೆಲುಬಿಗೆ ಹೋಗಿ ಹುರಿಯನ್ನು ಒತ್ತುತ್ತಿದ್ದರೆ ಗಂಟೆಗಳ ಲೆಕ್ಕದಲ್ಲಿ ಕಾಲು ಹೋಗಬಹುದು. ರಾತ್ರಿ ಮಲಗಿದಾಗ ಬೆನ್ನು ನೋವು ಉಂಟಾ, ಮೂತ್ರ ಕಟ್ಟುತ್ತದಾ, ಮಲ ಹಿಡಿತ ತಪ್ಪಿದೆಯಾ, ತೊಡೆಸಂದಿಯಲ್ಲಿ ಜೋಮು ಇದೆಯಾ ಅಂತ ಒಂದೊಂದೇ ಕೇಳಿದೆ. ಎಲ್ಲಕ್ಕೂ ಇಲ್ಲ. ಕಾಲಿನ ಪ್ರತಿಕ್ರಿಯೆಗಳೂ ಸರಿ ಇದ್ದವು. ಆದರೂ ಚಿಕಿತ್ಸೆ ಕೊಡುತ್ತಿದ್ದ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬೆನ್ನಿನ ಸ್ಕ್ಯಾನ್ ಮಾಡಿಸಿದರು, ಏನೂ ಇರಲಿಲ್ಲ. ಥೈರಾಯ್ಡ್ ಸರಿ ಇತ್ತು. ಸಕ್ಕರೆ ಗಡಿಯಲ್ಲಿತ್ತು. ವಿಟಮಿನ್ ಡಿ ಕಡಿಮೆ ಇತ್ತು, ಅದಕ್ಕೆ ಗುಳಿಗೆ ಬರೆದರು. ಎಲುಬಿನ ಸಾಂದ್ರತೆಯೂ ಸ್ವಲ್ಪ ಇಳಿದಿತ್ತು, ಈ ಸೂಜಿಯಿಂದ ಅದೂ ಆಗುತ್ತದೆ. ಭಾರ ಎತ್ತಿಸಬಹುದು, ಎಚ್ಚರವಿರಲಿ ಅಂದರು.

ಇದಕ್ಕೆ ಒಂಬತ್ತು ದಿನ ಹಿಡಿಯಿತು. ಮಗನಿಗೆ ಬೇಸರವಾಯಿತು, ಸುಮ್ನೆ ತಿರುಗಿಸುತ್ತಿದ್ದಾರೆ ಅನ್ನಿಸಿತು. ಇವತ್ತಿಗೂ ನಾನು ಆ ಒಂಬತ್ತು ದಿನ ಬಿಟ್ಟುಕೊಡುವುದಿಲ್ಲ.

ನನ್ನ ತಪ್ಪು

ಈಗ ನನ್ನ ತಪ್ಪಿನ ಮಾತು. ಕಾಕಾ ಕ್ಯಾನ್ಸರ್ ರೋಗಿ, 66 ವರ್ಷ, ಎಲುಬು ಸವೆದಿದೆ ಅಂತ ಹೆದರಿ ನಾನು ಅತಿ ಹಗುರದ ಯೋಜನೆ ಹಾಕಿದೆ. ಹಳದಿ ರಬ್ಬರ್ ಪಟ್ಟಿ ಎಳೆಯುವುದು, ಮಲಗಿ ಕಾಲೆತ್ತುವುದು, ಬೆಳಗ್ಗೆ ಬಿಸಿಲೇರುವ ಮೊದಲು ಅರ್ಧ ಗಂಟೆ ನಡಿಗೆ. ನಾಲ್ಕು ವಾರ ಕಾಕಾ ಒಂದು ದಿನವೂ ತಪ್ಪಿಸಲಿಲ್ಲ. ನಾಲ್ಕು ವಾರದ ಕೊನೆಗೆ ಐದು ಸಲ ಏಳಲು 18.9 ಸೆಕೆಂಡ್. ಮುಷ್ಟಿ ಬಲ ಅದೇ 23.

ಕ್ವಿಂಟಲ್ ಚೀಲ ಹೊತ್ತ ಮೈಗೆ ಆ ರಬ್ಬರ್ ಪಟ್ಟಿ ಯಾವ ಲೆಕ್ಕ? ಸ್ನಾಯುವಿಗೆ ಅದು ಕೇಳಿಸಲೇ ಇಲ್ಲ. ಕಾಕಾ ಮಾತ್ರ ನನ್ನನ್ನು ಬೈಯಲಿಲ್ಲ. ‘ನನ್ನ ಮೈನೇ ಹಿಂಗ ಬಿಡು,’ ಅಂದರು. ಅದು ನನಗೆ ಇನ್ನೂ ಚುಚ್ಚುತ್ತದೆ. ನನ್ನ ಲೆಕ್ಕ ತಪ್ಪಿತ್ತು, ಅವರು ತಮ್ಮ ಮೈಯನ್ನು ದೂರಿಕೊಂಡರು.

ರಾತ್ರಿ ಬಂದ ಫೋನು

ಅದೇ ವಾರ ಒಂದು ರಾತ್ರಿ ಮಗ ಫೋನ್ ಮಾಡಿದ. ಮನೆಯಲ್ಲಿ 22 ವರ್ಷದ ಮೊಮ್ಮಗ ಇದ್ದಾನೆ, ಜಿಮ್‌ಗೆ ಹೋಗುತ್ತಾನೆ. ಮುತ್ಯಾನ ಕಸುವು ಹೋಗಿರುವುದು ಹಾರ್ಮೋನು ಇಲ್ಲದ್ದಕ್ಕೆ ಅಂತ ಕೇಳಿಸಿಕೊಂಡಿದ್ದ. ಜಿಮ್‌ನಲ್ಲಿ ಯಾರಿಂದಲೋ ಒಂದು ಸೀಸೆ ತಂದಿದ್ದ. ‘ಸರ್, ಇದನ್ನ ಅಪ್ಪಗ ಹಾಕಿಸಿದ್ರ ನಡೀತದೇನ್ರಿ?’ ಅಂತ ಮಗ ಕೇಳಿದ. ಫೋಟೋ ಕಳಿಸಲು ಹೇಳಿದೆ. ಟೆಸ್ಟೋಸ್ಟೆರಾನ್ ಎನಾಂಥೇಟ್, ಅಂದರೆ ಅದೇ ಹಾರ್ಮೋನಿನ ಚುಚ್ಚುಮದ್ದು.

ಬೇಡ ಅಂದೆ. ಬರೀ ಬೇಡ ಅಂದರೆ ಸಾಲದು ಅಂತ ಆ ರಾತ್ರಿಯೇ ಅವರ ಮನೆಗೆ ಹೋದೆ. ಎರಡು ವರ್ಷದ ಚಿಕಿತ್ಸೆ ಯಾವುದನ್ನು ಹಸಿವಿನಿಂದ ಕಟ್ಟಿಹಾಕಿದೆಯೋ, ಈ ಸೀಸೆ ಅದಕ್ಕೇ ಊಟ ಬಡಿಸಿದಂತೆ ಅಂತ ಎಲ್ಲರ ಮುಂದೆ ಬಿಡಿಸಿ ಹೇಳಿದೆ. ಅವರು ಕೆಟ್ಟವರಲ್ಲ. ಅವರ ತರ್ಕ ನೆಟ್ಟಗೇ ಇತ್ತು: ಇಲ್ಲದ್ದನ್ನು ಕೊಟ್ಟರೆ ಸರಿಯಾಗುತ್ತದೆ. ಅರ್ಧ ಮಾತು ಹೇಳಿ ಬಂದಿದ್ದು ನಾನು. ಸೂಜಿ ಏನು ಕಸಿದಿದೆ ಅಂತ ಹೇಳಿದ್ದೆ, ಅದನ್ನು ಯಾಕೆ ಮರಳಿ ಕೊಡಬಾರದು ಅಂತ ಹೇಳಿರಲಿಲ್ಲ.

ಹೊರಡುವಾಗ ಮೊಮ್ಮಗ ಗಾಡಿಯವರೆಗೆ ಬಂದ. ತಾನೂ ಹತ್ತು ವಾರದಿಂದ ಅದನ್ನೇ ಚುಚ್ಚಿಕೊಳ್ಳುತ್ತಿದ್ದೇನೆ ಅಂದ. ತೋಳು ನೋಡಿದರೇ ಗೊತ್ತಾಗುತ್ತಿತ್ತು. ಹಾರ್ಮೋನಿಗೆ ಆ ಶಕ್ತಿ ಇದೆ, ಅದನ್ನು ಅಲ್ಲಗಳೆಯುವುದು ಸುಳ್ಳಾಗುತ್ತದೆ. 1996ರಲ್ಲಿ ಶಾಲೇಂದರ್ ಭಾಸಿನ್ ಮತ್ತು ಸಂಗಡಿಗರು ಅಮೆರಿಕದಲ್ಲಿ 43 ಗಂಡಸರ ಮೇಲೆ ಹತ್ತು ವಾರ ನಡೆಸಿದ ಪ್ರಯೋಗದಲ್ಲಿ, ವಾರಕ್ಕೆ 600 ಮಿಲಿಗ್ರಾಂ ಪಡೆದು ವ್ಯಾಯಾಮವನ್ನೇ ಮಾಡದವರಿಗೂ ಕೊಬ್ಬಿಲ್ಲದ ತೂಕ ಸುಮಾರು 3 ಕೆಜಿ ಏರಿತ್ತು. ವ್ಯಾಯಾಮವೂ ಸೇರಿದವರಿಗೆ ಸುಮಾರು 6. ಆದರೆ ಹೊರಗಿನಿಂದ ಹಾರ್ಮೋನು ಬಂದಾಗ ಪಿಟ್ಯುಟರಿ ಎಲ್‌ಎಚ್ ಬಿಡುವುದನ್ನೇ ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಇಳಿಯುತ್ತವೆ. ಚುಚ್ಚುವುದು ಬಿಟ್ಟ ಮೇಲೆ ತಿಂಗಳುಗಟ್ಟಲೆ ಸ್ವಂತದ್ದು ಬರುವುದಿಲ್ಲ. ‘ತಮ್ಮಾ, ಮುತ್ಯಾಗ ಈಗ ಏನಾಗ್ಯಾದ ಅಂತ ನೋಡಿದ್ಯಲ್ಲ, ಬಿಟ್ಟ ಮ್ಯಾಲ ನಿನಗೂ ಕೆಲವು ತಿಂಗಳು ಅದೇ ಕಾದದ,’ ಅಂದೆ. ಗುರುತಿನ ಹಾರ್ಮೋನು ತಜ್ಞರ ನಂಬರ್ ಕೊಟ್ಟೆ. ಅವನು ಹೋದ. ಅವನ ಕಥೆ ಅವನದು, ಇಲ್ಲಿಗೆ ಸಾಕು.

ಆ ರಾತ್ರಿ ಗಾಡಿ ಓಡಿಸುತ್ತಾ ಅದೇ ಪ್ರಯೋಗದ ಇನ್ನೊಂದು ಗುಂಪು ನೆನಪಾಯಿತು. ಅವರಿಗೆ ಕೊಟ್ಟದ್ದು ಹಾರ್ಮೋನು ಇಲ್ಲದ ಸೂಜಿ, ಆದರೆ ಭಾರ ಎತ್ತಿಸಿದ್ದರು. ಅವರಿಗೂ ಸುಮಾರು 2 ಕೆಜಿ ಏರಿತ್ತು. ಅವರಲ್ಲಿ ಸ್ವಂತ ಹಾರ್ಮೋನು ಇತ್ತು ನಿಜ. ಆದರೆ ಸೂಜಿಯಿಂದ ಹಾರ್ಮೋನು ಇಳಿದವರ ಮೇಲೂ ಕೆಲಸ ನಡೆದಿದೆ. 2003ರಲ್ಲಿ ಕೆನಡಾದಲ್ಲಿ ಇಂಥ 155 ಗಂಡಸರ ಅಧ್ಯಯನ ಬಂತು. ಅದರಲ್ಲಿ ವಾರಕ್ಕೆ ಮೂರು ದಿನ, 12 ವಾರ ಭಾರ ಎತ್ತಿದವರಿಗೆ ದಣಿವು ಇಳಿದು ಬಲ ಏರಿತ್ತು. 2010ರಲ್ಲಿ ಆಸ್ಟ್ರೇಲಿಯಾದಲ್ಲೂ 57 ಜನರಲ್ಲಿ ಇಂಥದ್ದೇ ಫಲ ಕಂಡಿತು. ಅವರು ಎತ್ತಿದ್ದು ನಿಜವಾದ ಭಾರ. ರಬ್ಬರ್ ಪಟ್ಟಿ ಅಲ್ಲ.

ಕಟ್ಟೆಯ ಮೇಲೆ

ಯೋಜನೆ ಪೂರ್ತಿ ಬದಲಿಸಿದೆ. ಕಾಕಾ ಮೊದಲು ಒಪ್ಪಲಿಲ್ಲ. ‘ಕಸರತ್ತ ಹುಡುಗ್ರು ಮಾಡ್ಲಿ, ನಂದೇನದ.’ ಆಗ ನಾನು ಬೇರೆ ದಾರಿ ಹಿಡಿದೆ. ‘ಕಾಕಾ, ಚೀಲ ಎತ್ತೋದು ನನಗ ಕಲಿಸ್ರಿ. ನಾ ಬರೇ ಪುಸ್ತಕದಾಗ ಓದೀನಿ,’ ಅಂದೆ. ನೆಪ ಹೇಳಿದ್ದಲ್ಲ, ಅದು ನಿಜವೇ. ಅವರು ಎದ್ದು ನಿಂತರು. ಕಾಲು ಅಗಲಿಸಿ, ಚೀಲವನ್ನು ಮೈಗೆ ಒತ್ತಿಕೊಂಡು, ಬೆನ್ನು ಬಾಗಿಸದೆ ತೊಡೆಯಿಂದ ಏಳುವುದನ್ನು ತೋರಿಸಿದರು. ಎತ್ತುವಾಗ ಉಸಿರು ಬಿಡುವುದನ್ನೂ ಹೇಳಿದರು. ನಾನು ತರಗತಿಯಲ್ಲಿ ಕಲಿತದ್ದಕ್ಕೆ ಅದರಲ್ಲಿ ತಿದ್ದುವುದು ಏನೂ ಇರಲಿಲ್ಲ. ತೋರಿಸುತ್ತಾ ಅವರು ಐದು ಸಲ ಎತ್ತಿಬಿಟ್ಟಿದ್ದರು.

ಅವರ ಮನೆಯ ಮುಂದೆ ಶಹಾಬಾದಿ ಫರ್ಸಿ ಕಲ್ಲು ಹಾಕಿದ ಕಟ್ಟೆ ಇದೆ. ಕುರ್ಚಿಯಷ್ಟೇ ಎತ್ತರ. ಅದೇ ನಮ್ಮ ಜಿಮ್ ಆಯಿತು. ಒಂದು ಸಣ್ಣ ಗೋಣಿಚೀಲಕ್ಕೆ 5 ಕೆಜಿ ಮರಳು ತುಂಬಿದೆವು. ಅದನ್ನು ಎದೆಗೆ ಅಪ್ಪಿಕೊಂಡು ಕಟ್ಟೆಯಿಂದ ಏಳುವುದು, ಕೂರುವುದು. ನೆಲದಿಂದ ಕಟ್ಟೆಗೆ ಚೀಲ ಇಡುವುದು. ಮೆಟ್ಟಿಲು ಹತ್ತುವುದು. ಕಟ್ಟೆಗೆ ಕೈ ಊರಿ ದಂಡ ಹೊಡೆಯುವುದು. ಕೊನೆಗೆ ಚೀಲದ ಎರಡು ಕಿವಿ ಹಿಡಿದು ಅಂಗಳದಲ್ಲಿ ನಡೆಯುವುದು, ಇದು ಮುಷ್ಟಿಗೆ. ಒಂದೊಂದೂ 8ರಿಂದ 12 ಸಲ, ಮೂರು ಸುತ್ತು, ವಾರಕ್ಕೆ ಮೂರು ದಿನ. ಕೊನೆಯ ಎರಡು ಸಲ ಎತ್ತುವಾಗ ಕಷ್ಟವಾಗಲೇಬೇಕು, ಆಗದಿದ್ದರೆ ಮರಳು ಸೇರಿಸಬೇಕು. ಈ ಒಂದು ನಿಯಮಕ್ಕೆ ನಾನು ಜೋತುಬಿದ್ದೆ. ಮೊದಲ ಮೂರು ವಾರ ಎದುರಿಗೇ ನಿಂತು ಮಾಡಿಸಿದೆ. ಬೆನ್ನು ತಿರುಚಿ ಎತ್ತುವುದನ್ನು ಪೂರ್ತಿ ಬಿಡಿಸಿದೆ, ಸವೆದ ಎಲುಬಿಗೆ ಅದು ಆಗದು.

ಊಟದ ಕಡೆಗೂ ನೋಡಬೇಕಾಯಿತು. ರೋಗ ಬಂದಾಗಿನಿಂದ ಪಥ್ಯ ಅಂತ ಗಂಜಿ, ತಿಳಿ ಸಾರು. ಯಾರೋ ನೆಂಟರು ತತ್ತಿ, ಶೇಂಗಾ ತಿಂದರೆ ಗಡ್ಡೆ ಬೆಳೆಯುತ್ತದೆ ಅಂತ ಹೇಳಿ ಬಿಡಿಸಿದ್ದರು. ಭಾರ ಎತ್ತಿದರೂ ಗೋದಾಮಿಗೆ ಬರುವ ಮಾಲೇ ಇಲ್ಲದಿದ್ದರೆ ಏನು ತುಂಬೀತು? ಅವರ ತೂಕಕ್ಕೆ ದಿನಕ್ಕೆ 65ರಿಂದ 75 ಗ್ರಾಂ ಪ್ರೋಟೀನ್ ಗುರಿ ಇಟ್ಟೆವು. ಗಟ್ಟಿ ತೊಗರಿ ಬೇಳೆ, ಒಣ ಬೇಳೆ 100 ಗ್ರಾಂ ಆದರೆ ಸುಮಾರು 22 ಗ್ರಾಂ ಪ್ರೋಟೀನ್. ಎರಡು ತತ್ತಿ, 12 ಗ್ರಾಂ. ಒಂದು ದೊಡ್ಡ ಲೋಟ ಹಾಲು, 8 ಗ್ರಾಂ. ಹಲ್ಲು ಸರಿ ಇರಲಿಲ್ಲ, ಹಾಗಾಗಿ ಜೋಳದ ರೊಟ್ಟಿಯನ್ನು ಬೇಳೆಯಲ್ಲಿ ಕಲಸಿ, ಮೇಲೆ ಶೇಂಗಾ ಹಿಂಡಿ. ತೊಗರಿ ಊರಿನಲ್ಲಿ ಇದ್ದು ಬೇಳೆಯ ತಿಳಿ ಕುಡಿದು ಬದುಕುತ್ತಿದ್ದರಲ್ಲ ಅಂತ ನನಗೆ ನಿಜಕ್ಕೂ ಸಂಕಟವಾಯಿತು.

ಶ್ರಾವಣದಲ್ಲಿ ಸ್ವಲ್ಪ ಹಿಂದೆ ಬಿದ್ದೆವು. ಸೋಮವಾರ ಉಪವಾಸ, ತತ್ತಿ ಬಂದ್. ಬಿಡಿ ಅಂತ ನಾನು ಹೇಳಲಿಲ್ಲ. ಭಾರದ ದಿನಗಳನ್ನು ಉಪವಾಸದ ದಿನದಿಂದ ಸರಿಸಿದೆವು, ತತ್ತಿಯ ಬದಲು ಹಾಲು, ಮೊಸರು, ಶೇಂಗಾ ಹೆಚ್ಚಿಸಿದೆವು. ಆ ತಿಂಗಳು ಏರಿಕೆ ನಿಂತಿತು, ಇಳಿಯಲಿಲ್ಲ.

ಬಾಗಿಲು ಮುಚ್ಚಿದ ದಿನ

ಎಂಟನೇ ವಾರ ಕಾಕಾ ಒಬ್ಬರೇ ಕ್ಲಿನಿಕ್ಕಿಗೆ ಬಂದರು. ‘ತಮ್ಮಾ, ಬಾಗಿಲ ಮುಚ್ಚು,’ ಅಂದರು. ಕೂತರು. ನೆಲ ನೋಡುತ್ತಾ ಕೇಳಿದರು: ‘ನಾ ಇನ್ನ ಗಂಡಸು ಹೌದೋ ಅಲ್ಲೋ, ಖರೇ ಹೇಳು.’

ಗಂಡು ಹಾರ್ಮೋನು ಅನ್ನುವ ಮಾತನ್ನು ನಾನು ಎಷ್ಟು ಸಲೀಸಾಗಿ ಬಳಸಿದ್ದೆ ಅಂತ ಆಗ ಗೊತ್ತಾಯಿತು. ಗಂಡು ಹಾರ್ಮೋನು ಇಲ್ಲ ಅಂದರೆ ಅವರ ಕಿವಿಗೆ ಏನಂತ ಬಿದ್ದಿರಬೇಡ! ಹಾಸಿಗೆಯ ಆಸೆ ಹೋಗಿ ಒಂದು ವರ್ಷವಾಗಿತ್ತು, ಎದೆ ಸ್ವಲ್ಪ ಉಬ್ಬಿತ್ತು. ಅದಕ್ಕೇ ಬಾವಿಯ ಹತ್ತಿರ ಅಂಗಿ ತೆಗೆದು ಸ್ನಾನ ಮಾಡುವುದನ್ನು ಬಿಟ್ಟಿದ್ದರು. ಇದೆಲ್ಲ ಸೂಜಿಯಿಂದ, ಸೂಜಿ ಪಡೆದ ಎಷ್ಟೋ ಗಂಡಸರಿಗೆ ಹೀಗಾಗುತ್ತದೆ, ನಿಮ್ಮಲ್ಲಿ ಏನೂ ಕಳಂಕ ಇಲ್ಲ ಅಂದೆ. ಹೆಣ್ಣುಮಕ್ಕಳ ಮೈಯಲ್ಲೂ ಇದೇ ಹಾರ್ಮೋನು ಕಡಿಮೆ ಪ್ರಮಾಣದಲ್ಲಿ ಇರುತ್ತದೆ ಅಂತಲೂ ಹೇಳಿದೆ. ಅವರಿಗೆ ಅದು ಹೊಸ ಸುದ್ದಿ. ನಾವು ಮುಕ್ಕಾಲು ಗಂಟೆ ಮಾತಾಡಿದೆವು. ಮುಂದಿನ ಭೇಟಿಯಲ್ಲಿ ಹೆಂಡತಿಯನ್ನೂ ಕೂಡಿಸಿಕೊಂಡು ಅದೇ ಮಾತು ಮತ್ತೆ ಆಡಿದೆವು. ಆ ವಾರದಿಂದ ಅವರು ಚೀಲಕ್ಕೆ ತಾವೇ ಮರಳು ಸೇರಿಸತೊಡಗಿದರು.

ಏನಾಯಿತು

12 ವಾರದ ಕೊನೆಗೆ ಐದು ಸಲ ಏಳಲು 12.6 ಸೆಕೆಂಡ್. ಚೀಲ 5ರಿಂದ 17 ಕೆಜಿಗೆ ಬಂದಿತ್ತು. ಮುಷ್ಟಿ ಬಲ 25. ಸೊಂಟ 2 ಸೆಂಟಿಮೀಟರ್ ಇಳಿದಿತ್ತು. ತೋಳಿನ ಸುತ್ತಳತೆ ಹೆಚ್ಚುಕಮ್ಮಿ ಅಷ್ಟೇ. ನೆಲದಿಂದ ಒಂದು ಕೈ ಊರಿ ಏಳುತ್ತಿದ್ದರು. ಹಿಮೋಗ್ಲೋಬಿನ್ ಅಲ್ಲೇ ಇತ್ತು, ಮೈ ಉರಿ ಹಾಗೇ ಇತ್ತು.

ಇಲ್ಲಿ ಹಿಗ್ಗಿ ಹೇಳಬಾರದು. ಮೊದಲ ವಾರಗಳ ಬಲ ಬಹಳಷ್ಟು ನರಗಳಿಂದ ಬಂದದ್ದು, ಇರುವ ಸ್ನಾಯುವನ್ನೇ ಜಾಸ್ತಿ ಎಬ್ಬಿಸುವುದನ್ನು ಮೈ ಕಲಿಯುತ್ತದೆ. ಕಾಲು ಏರಿದಷ್ಟು ಭುಜ ಏರಲಿಲ್ಲ. ಹೆಗಲ ಗಂಟಿನ ಅಡಿ ಇನ್ನೂ ಮೆತ್ತಗೇ ಇದೆ. ಹಾರ್ಮೋನು ಇಲ್ಲದ ಸ್ನಾಯುವನ್ನು ಮೊದಲಿನ ಹಾಗೆ ಕಟ್ಟುತ್ತೇನೆ ಅಂತ ಯಾರಿಗೂ ಮಾತು ಕೊಡುವಂತಿಲ್ಲ. ಸೋರುವುದನ್ನು ತಡೆದು, ಕಾಲಿಗೆ ಏಳುವಷ್ಟು ಬಲ ತರಬಹುದು. ಪಾಯಖಾನೆಯಲ್ಲಿ ಬಿದ್ದಿದ್ದ ಮನುಷ್ಯನಿಗೆ ಅದು ಸಣ್ಣ ಮಾತಲ್ಲ.

ನನ್ನ ಕೆಲಸದಲ್ಲಿ ಕೆಲವು ಸಂಗತಿ ಬದಲಾದವು. ಗಂಡಸು ರೋಗಿ ನಿಶ್ಶಕ್ತಿ ಅಂತ ಬಂದರೆ ಈಗ ಗುಳಿಗೆಯಷ್ಟೇ ಕೇಳುವುದಿಲ್ಲ, ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ ಹಾಕಿಸುವ ಸೂಜಿಯನ್ನೂ ಕೇಳುತ್ತೇನೆ. ಅಷ್ಟು ದಿನಕ್ಕೊಮ್ಮೆ ಬರುವುದನ್ನು ಯಾರೂ ಔಷಧ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ತೂಕದ ಜೊತೆ ಸೊಂಟ ಮತ್ತು ಮುಷ್ಟಿ ಅಳೆಯುತ್ತೇನೆ. ಭಾರ ಕಡಿಮೆ ಕೊಟ್ಟು ರೋಗಿಯನ್ನು ಕಾಪಾಡಿದೆ ಅಂದುಕೊಳ್ಳುವುದನ್ನು ಬಿಟ್ಟಿದ್ದೇನೆ. ಮತ್ತೆ, ಈ ಸೂಜಿ ಶುರು ಮಾಡುವ ಡಾಕ್ಟರುಗಳಲ್ಲಿ ನನ್ನದೊಂದು ಬೇಡಿಕೆ ಇದೆ: ಮೊದಲ ಸೂಜಿಯ ದಿನವೇ ಸ್ನಾಯುವಿನ ಮಾತು ಹೇಳಿ, ಅವತ್ತೇ ನಮ್ಮಂಥವರ ಹತ್ತಿರ ಕಳಿಸಿ. ಕಾಕಾ 13 ತಿಂಗಳು ಬಿಟ್ಟು ಬಂದರು. ಕರಗುವ ಮೊದಲು ಹಿಡಿಯುವುದಕ್ಕೂ ಕರಗಿದ ಮೇಲೆ ಕಟ್ಟುವುದಕ್ಕೂ ಬಹಳ ವ್ಯತ್ಯಾಸವಿದೆ.

ಜನವರಿಯಲ್ಲಿ ಎಂಟನೇ ಸೂಜಿ ಆಯಿತು, ಅದೇ ಕೊನೆಯದು. ಫೆಬ್ರವರಿಯಲ್ಲಿ ಮನೆಗೆ ಹೋದಾಗ ಐದು ಸಲ ಏಳಲು 11.8 ಸೆಕೆಂಡ್, ಮುಷ್ಟಿ 26. ‘ಮುಕಾದಮ ಯಾವಾಗ ಬರ್ತಾನ?’ ಅಂತ ಕಾಕಾ ಕೇಳಿದರು. ಈ ವಯಸ್ಸಿನಲ್ಲಿ ಆರು ತಿಂಗಳು, ವರ್ಷ, ಇನ್ನೂ ಜಾಸ್ತಿ ಹಿಡಿಯಬಹುದು, ಪೂರ್ತಿ ಬಾರದೆಯೂ ಇರಬಹುದು ಅಂದೆ. ಆಗಸ್ಟ್‌ನಲ್ಲಿ ರಕ್ತ ಪರೀಕ್ಷೆಗೆ ದಿನ ಗೊತ್ತಾಗಿದೆ. ಕಟ್ಟೆಯ ಮೇಲೆ ಮರಳಿನ ಚೀಲ ಇತ್ತು, 20 ಕೆಜಿ. ಮೂಲೆಯಲ್ಲಿ ಹರಿದು ಸೋರುತ್ತಿತ್ತಂತೆ. ಅಲ್ಲಿ ಹೊಸ ಸುತಳಿಯ ಹೊಲಿಗೆ, ಎರಡೂ ಪದರ ಸೇರಿಸಿ ಒತ್ತೊತ್ತಾಗಿ ಹಾಕಿದ್ದು. ಯಾರು ಹೊಲಿದರು ಅಂತ ಕೇಳಿದೆ. ಕಾಕಾ ಕಿಟಕಿಯ ಮೇಲಿದ್ದ ದಬ್ಬಣ ತೆಗೆದು ತೋರಿಸಿದರು.